ಬ್ರೇಕ್ ಒತ್ತದೆ ಬಂದವಳು

ಪೇಟೆ ದಾಟಿ ಹಳೆ ಗಿರಣಿಯ ರಸ್ತೆಗೆ ತಿರುಗಿದಾಗಿನಿಂದ ಆ ಬಿಳಿ ಕಾರು ಅವಳ ಹಿಂದೆಯೇ ಇತ್ತು. ಹಾರ್ನ್ ಇಲ್ಲ, ಮುಂದೆ ಹೋಗುವ ಆತುರವೂ ಇಲ್ಲ. ಅವಳು ನಿಧಾನ ಮಾಡಿದರೆ ಅದೂ ನಿಧಾನ. ಗಿರಣಿಯ ಮೈದಾನದಲ್ಲಿ ತನ್ನ ಕಾರಿನಿಂದ ಇಳಿದವಳು ಸೀದಾ ಆ ಬಿಳಿ ಕಾರಿನವನ ಕಿಟಕಿಯ ಹತ್ತಿರ ಹೋದಳು.

“ಯಾಕ್ರೀ, ನನ್ನ ಬೆನ್ನು ಹತ್ತಿ ಬಂದ್ರಿ?”

ಅವನು ಗಾಬರಿಯಿಂದ ಸೀಟ್ ಬೆಲ್ಟ್ ಬಿಚ್ಚಿದ. “ಕ್ಷಮಿಸಿ. ನಾನೂ ಇಲ್ಲಿಗೇ ಬರ್ತಿದ್ದೆ. ನಿಮ್ಮ ಬ್ರೇಕ್ ಲೈಟ್ ಕೆಟ್ಟಿದೆ ಅಂದ್ಕೊಂಡೆ, ಹೇಳೋಣ ಅಂತ ಹಿಂದೇನೇ ಬಂದೆ. ಗೇಟಿನ ಹತ್ತಿರ ಒಂದ್ಸಲ ಹತ್ತಿತು. ಕೆಟ್ಟಿಲ್ಲ, ನೀವು ಬ್ರೇಕೇ ಒತ್ತಲ್ಲ ಅಂತ ಆಗ ಗೊತ್ತಾಯ್ತು.”

ಅವಳಿಗೆ ನಗು ಬಂತು. ತುಟಿ ಬಿಗಿದು ತಡೆದಳು. ತಡೆದದ್ದು ಅವನಿಗೆ ಕಂಡಿತು. ಅವನಿಗೆ ಕಂಡದ್ದು ಅವಳಿಗೂ ಕಂಡಿತು.

ಅಂದು ಹನಿ ಬಳಗದ ಸಭೆ. ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡಿಸುವ ಹುಚ್ಚಿನವರು ಆಗಾಗ ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರೂ ತಮ್ಮ ಕಾರಿನ ಪಕ್ಕ ನಿಂತು ತಮ್ಮ ಪರಿಚಯ, ಕಾರಿನ ಪರಿಚಯ ಮಾಡಿಕೊಡಬೇಕು. ಬಳಗ ಕಟ್ಟಿದ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ತಮ್ಮ ಪುಟ್ಟ ಹೈಬ್ರಿಡ್ ಕಾರಿನ ಗುಣಗಾನವನ್ನು ಮೊಮ್ಮಗುವಿನ ಗುಣಗಾನದಂತೆ ಮಾಡಿದರು. ದರ್ಜಿಯೊಬ್ಬ ತೂಕ ಇಳಿಸಲೆಂದು ಹಿಂದಿನ ಸೀಟನ್ನೇ ಕಿತ್ತುಹಾಕಿದ್ದ. “ಆಮೇಲೆ ನಮ್ಮತ್ತೆ ಕಾರು ಹತ್ತೋದು ಬಿಟ್ರು. ಮೈಲೇಜ್ ಇನ್ನೂ ಜಾಸ್ತಿ ಆಯ್ತು,” ಎಂದ. ಎಲ್ಲರೂ ನಕ್ಕರು.

ಅವಳ ಸರದಿ ಬಂತು.

“ನನ್ನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡ್ತೀನಿ. ಕಾರು ಹಳೇ ಡೀಸೆಲ್ದು. ನಿಜ ಹೇಳ್ಬೇಕಂದ್ರೆ ನಾನು ಡೀಸೆಲ್ ಉಳಿಸೋಕೆ ಹೊರಟವಳಲ್ಲ. ನಮ್ಮಮ್ಮನಿಗೆ ಬೆನ್ನುಮೂಳೆ ಆಪರೇಷನ್ ಆಗಿದೆ. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಹಿಂದಿನ ಸೀಟಿಂದ ಒಂದು ಉಸಿರು ಕೇಳಿಸೋದು. ಅದು ಕೇಳಿಸಬಾರದು ಅಂತ ದೂರದಿಂದಲೇ ರಸ್ತೆ ನೋಡಿ ಓಡಿಸೋದು ಕಲಿತೆ. ಡೀಸೆಲ್ ತಾನಾಗೇ ಉಳೀತು.”

ಕಾರಿನ ಹಿಂದಿನ ಕಿಟಕಿಯಿಂದ ಅವಳ ಅಮ್ಮ, “ನಾನೇ ಆ ಬೆನ್ನುಮೂಳೆ,” ಎಂದು ಕೈ ಬೀಸಿದರು.

ಕೊನೆಗೆ ಬಿಳಿ ಕಾರಿನವನು ನಿಂತ. “ನಾನು ಆಂಬುಲೆನ್ಸ್ ಡ್ರೈವರ್. ವಾರವೆಲ್ಲ ಸೈರನ್ ಹಾಕ್ಕೊಂಡು ನುಗ್ಗಿಸ್ತೀನಿ. ರಜಾ ದಿನ ಯಾರಿಗೂ ಅವಸರ ಇಲ್ಲದ ಹಾಗೆ ಓಡಿಸಬೇಕು ಅನ್ಸುತ್ತೆ. ಮೈಲೇಜಿನಲ್ಲಿ ನಿಮ್ಮೆಲ್ಲರಿಗಿಂತ ಹಿಂದೆ ಇದ್ದೀನಿ. ಆದ್ರೆ ಹೀಗೆ ಓಡಿಸಿ ಮನೆಗೆ ಹೋದ ದಿನ ಕೈ ನಡುಗಲ್ಲ.”

ಮನೆಗೆ ಹೋಗುವಾಗ ಅಮ್ಮ ಹೇಳಿದರು, “ಆ ಸೈರನ್‌ನವನ ದನಿ ಚೆನ್ನಾಗಿದೆ ಕಣೆ. ಕೂಗದೆ ಕೇಳಿಸುತ್ತೆ.” ಅಮ್ಮ ಮೂರು ದಶಕ ಟೆಲಿಫೋನ್ ಆಪರೇಟರ್ ಆಗಿದ್ದವರು. ಮನುಷ್ಯರನ್ನು ಮುಖ ನೋಡಿ ಅಳೆದವರಲ್ಲ.

ಅಂದಿನಿಂದ ಮನೆಯಲ್ಲಿ ಅವನಿಗೆ ಸೈರನ್ ಎಂದೇ ಹೆಸರಾಯಿತು.

ಆಮೇಲಿನ ಭಾನುವಾರಗಳಲ್ಲಿ ಎರಡು ಕಾರುಗಳು ಹಿಂದೆಮುಂದೆ ಹೊರಡತೊಡಗಿದವು. ಅಮ್ಮನನ್ನು ಕಾರಿನಿಂದ ಇಳಿಸುವ ರೀತಿಯನ್ನು ಅವನು ಕಲಿಸಿದ. ಕಂಕುಳಿಗೆ ಕೈ ಹಾಕಿ ಎತ್ತಬಾರದು, ಕಾಲು ಮೊದಲು ಹೊರಗೆ ಬರಬೇಕು, ಆಮೇಲೆ ಸೊಂಟ. ಕಲಿಸುವಾಗ ಅವನ ಕೈ ಅವಳ ಕೈಯ ಮೇಲೆ ಒಂದು ಗಳಿಗೆ ನಿಂತಿತು. ಇಬ್ಬರೂ ಅಮ್ಮನ ಚಪ್ಪಲಿಯನ್ನೇ ನೋಡುತ್ತಿದ್ದರು.

“ಇಳಿಸ್ತೀರೋ ಇಲ್ಲೇ ಇಟ್ಕೊಂಡಿರ್ತೀರೋ?” ಎಂದರು ಅಮ್ಮ.

ಒಂದು ಮಧ್ಯಾಹ್ನ ಅವನು ಅವಳ ಅಂಗಡಿಗೆ ಬಂದ. ಎದುರಿನ ಗಾಡಿಗಳ ಲೈಟು ಕಣ್ಣು ಕುಕ್ಕುತ್ತದೆ, ಒಂದು ಕನ್ನಡಕ ಬೇಕು ಎಂದ. ಅವಳು ಒಳಗಿನ ಪುಟ್ಟ ಕೋಣೆಗೆ ಕರೆದೊಯ್ದು, ಯಂತ್ರದ ಮೇಲೆ ಗದ್ದ ಇಡಲು ಹೇಳಿ ಎದುರಿಗೆ ಕೂತಳು. ಇಬ್ಬರ ನಡುವೆ ಒಂದು ಗೇಣು ಗಾಜು.

“ಎಲ್ರನ್ನೂ ಇಷ್ಟು ಹತ್ತಿರದಿಂದ ನೋಡ್ತೀರಾ?”

“ಎಲ್ರನ್ನೂ. ಆದ್ರೆ ಯಾರಿಗೂ ಹೀಗೆ ಕೆಂಪಾಗಲ್ಲ.”

“ಕಣ್ಣಾ?”

“ಕಿವಿ.”

ಅವನು ನಕ್ಕ. ಗದ್ದ ಅಲುಗಿತು. “ಅಲ್ಲಾಡಬೇಡಿ,” ಎಂದು ಅವಳು ಗದರಿದಳು. ಬೆಳಕನ್ನು ಕಣ್ಣಿನ ಒಳಕ್ಕೆ ಬಿಟ್ಟಳು. ಕಂದು ಕಣ್ಣಿನ ಪಾಪೆಯ ಸುತ್ತ ಜೇನಿನ ಬಣ್ಣದ ಒಂದು ಗೆರೆಯಿತ್ತು. ಅದನ್ನು ದಾಟಿ ಒಳಗೆ, ಕಣ್ಣಿನ ನರ ಶುರುವಾಗುವ ಜಾಗಕ್ಕೆ ಬಂದಾಗ ಅವಳ ನಗು ನಿಂತಿತು. ಆ ಜಾಗ ಬಿಳಿಚಿಕೊಂಡಿತ್ತು, ಇರಬಾರದಷ್ಟು ಗುಳಿಬಿದ್ದಿತ್ತು.

ಇನ್ನೊಂದು ಪರೀಕ್ಷೆ ಮಾಡಬೇಕೆಂದಳು. ದೀಪ ಆರಿಸಿ, ನೇರ ನೋಡುತ್ತಾ ಇರಿ, ಪಕ್ಕದಲ್ಲೆಲ್ಲೇ ಬೆಳಕಿನ ಚುಕ್ಕಿ ಕಂಡರೂ ಗುಂಡಿ ಒತ್ತಿ ಎಂದಳು. ಅವನು ಒತ್ತಿದ. ಮತ್ತೆ ಒತ್ತಿದ. ಆಮೇಲೆ ಬಹಳ ಹೊತ್ತು ಗುಂಡಿಯ ಸದ್ದು ಬರಲಿಲ್ಲ. ಅವಳ ಪರದೆಯ ಮೇಲೆ ಎಡಭಾಗದಲ್ಲಿ ಒಂದರ ಹಿಂದೊಂದು ಚುಕ್ಕಿ ಬೆಳಗಿ ಆರುತ್ತಲೇ ಇತ್ತು.

“ಮುಗೀತಾ? ಇಷ್ಟೇನಾ ಲೈಟು?” ಎಂದು ಕೇಳಿದ.

“ಇಲ್ಲ. ಇನ್ನೂ ತುಂಬಾ ಬಂತು.”

ಕತ್ತಲಲ್ಲಿ ಅವನು ಅಲುಗದೆ ಕೂತ. ಅವಳು ಗ್ಲಾಕೋಮಾ ಎಂದಳು. ಎಡಗಣ್ಣಿಗೆ ಹೆಚ್ಚು ಆಗಿದೆ, ಪಕ್ಕದ ನೋಟ ಹೋಗುತ್ತಿದೆ, ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನು ಔಷಧಿಯಿಂದ ಉಳಿಸಬಹುದು, ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಎಂದಳು. ಕೊನೆಗೆ, “ನೀವಿನ್ನು ಓಡಿಸಬಾರದು,” ಎಂದಳು.

“ನಾಳೆ ಡ್ಯೂಟಿ ಇದೆ.”

“ನೀವು ಆಫೀಸಿಗೆ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ.”

ಅವನು ಎದ್ದು ನಿಂತ. “ಬೇರೆ ಕೆಲಸ ನನಗೆ ಗೊತ್ತಿಲ್ಲ. ಅದು ಗೊತ್ತಿದ್ದೂ ಹೇಳ್ತೀರಾ?”

“ಹೇಳ್ತೀನಿ. ನಿಮ್ಮ ಗಾಡಿಯಲ್ಲಿ ಯಾರದೋ ಅಮ್ಮ ಮಲಗಿರ್ತಾರೆ.”

ಅವನು ಹೊರಟುಹೋದ. ಅವಳು ದೀಪ ಹಾಕದೆ ಅಲ್ಲೇ ಕೂತಿದ್ದಳು. ಹೊರಗೆ ಗಿರಾಕಿಯೊಬ್ಬರು ಕೆಮ್ಮಿದಾಗ ಮುಖ ಒರೆಸಿಕೊಂಡು ಎದ್ದಳು.

ಮಾರನೆಯ ದಿನ ಆಂಬುಲೆನ್ಸ್ ಕಚೇರಿಗೆ ಫೋನ್ ಮಾಡಿದರೆ, ಬೆಳಿಗ್ಗೆಯೇ ಅವನೇ ಬಂದು ಎಲ್ಲ ಹೇಳಿ ಗಾಡಿಯ ಕೀ ಕೊಟ್ಟುಹೋದ ಎಂದರು. ಆಮೇಲೆ ಅವನ ಸುದ್ದಿಯಿಲ್ಲ. ಬಳಗದ ಸಭೆಗೂ ಬರಲಿಲ್ಲ. ಅವಳು ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಳು. ಒಂದು ಸಂಜೆ ಸಿಗ್ನಲ್‌ನಲ್ಲಿ, ಎಂದೂ ಒತ್ತದವಳು ಬ್ರೇಕನ್ನು ಜೋರಾಗಿ ಒತ್ತಿದಳು. ಹಿಂದಿನಿಂದ ಆ ಹಳೆಯ ಉಸಿರು ಕೇಳಿಸಿತು.

“ಸಾರಿ ಅಮ್ಮ.”

“ನನ್ನ ಬೆನ್ನಿಗೇನೂ ಆಗಿಲ್ಲ,” ಎಂದರು ಅಮ್ಮ. “ನಿನಗೇನಾಗಿದೆ ನೋಡ್ಕೋ.”

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಅವನಿಗೆ ಫೋನ್ ತೆಗೆದುಕೊಳ್ಳುವ ಕೆಲಸ ಕೊಟ್ಟಿದ್ದಾರೆ, ಆದರೆ ಅವನಿಗೆ ಆಗುತ್ತಿಲ್ಲವಂತೆ ಎಂಬ ಸುದ್ದಿಯನ್ನು ಮೇಷ್ಟ್ರು ತಂದರು. ಅಮ್ಮ ಯಾರನ್ನೂ ಕೇಳದೆ ಅವನಿಗೆ ಫೋನ್ ಹಚ್ಚಿ ಮನೆಗೆ ಬರಹೇಳಿದರು.

ಅವನು ಬಸ್ಸಿನಲ್ಲಿ ಬಂದ. ಸೊರಗಿದ್ದ. ಅವಳು ಚಹಾ ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವನು ಅವಳ ಕಡೆ ನೋಡಲಿಲ್ಲ.

“ಫೋನಲ್ಲಿ ಜನ ಕಿರುಚ್ತಾರೆ ಅಮ್ಮ. ನಾನಾಗಿದ್ರೆ ಗಾಡಿ ಹತ್ತಿ ಓಡ್ತಿದ್ದೆ. ಕೂತಲ್ಲೇ ಏನು ಮಾಡಲಿ?”

“ಅವರು ದನಿ ಏರಿಸಿದಷ್ಟೂ ನೀನು ಇಳಿಸು. ಇಳಿದ ದನಿ ಕೇಳೋಕೆ ಅವರು ಸುಮ್ಮನಾಗಲೇಬೇಕು. ಆಮೇಲೆ ಒಂದೇ ಪ್ರಶ್ನೆ ಕೇಳು, ಎಲ್ಲಿದ್ದೀರಿ ಅಂತ. ಉಳಿದದ್ದೆಲ್ಲ ಆಮೇಲೆ.”

ಅಮ್ಮನೇ ಕಿರುಚುವವರಾದರು, ಅವನು ಉತ್ತರಿಸಿದ. ಹಲವು ಸಂಜೆ ಹೀಗೇ ನಡೆಯಿತು. ಒಮ್ಮೆ ಅಮ್ಮನ ನಟನೆ ಅತಿಯಾಗಿ ಪಕ್ಕದ ಮನೆಯವರು ಓಡಿಬಂದರು. ಅವನು ನಕ್ಕುಬಿಟ್ಟ. ನಗುತ್ತಲೇ ತಲೆ ತಿರುಗಿಸಿ ಬಾಗಿಲ ಕಡೆ ನೋಡಿದ. ಅವಳ ಕಣ್ಣು ತುಂಬಿತ್ತು.

ಆ ಸಂಜೆ ಅವನನ್ನು ಬಸ್ ನಿಲ್ದಾಣದವರೆಗೆ ಬಿಡಲು ಅವಳು ಜೊತೆಗೆ ನಡೆದಳು.

“ಆ ದಿನ ನಿಮ್ಮ ಮೇಲೆ ಎಷ್ಟು ಸಿಟ್ಟಿತ್ತು ಅಂದ್ರೆ,” ಎಂದ ಅವನು, “ನಾಳೆ ಡ್ಯೂಟಿಗೆ ಹೋಗೇ ಹೋಗ್ತೀನಿ, ಏನು ಮಾಡ್ತಾರೆ ನೋಡೋಣ ಅಂತ ಕಾರು ಹತ್ತಿದೆ. ಎರಡು ಬೀದಿ ದಾಟೋ ಹೊತ್ತಿಗೆ ಎಡಗಡೆಯ ಕನ್ನಡಿಗೆ ಏನೋ ತಾಗಿತು. ಸೈಕಲ್ ಮೇಲೆ ಒಬ್ಬ ಹುಡುಗಿ. ಸದ್ಯ ಏನೂ ಆಗಲಿಲ್ಲ. ಕಾಲೂರಿ ನಿಂತು, ನೋಡ್ಕೊಂಡು ಹೋಗಿ ಅಂಕಲ್ ಅಂದಳು. ನಾನು ನೋಡ್ತಾನೇ ಇದ್ದೆ. ನನ್ನ ಕಣ್ಣಿಗೆ ಅವಳು ಅಲ್ಲಿ ಇರಲೇ ಇಲ್ಲ.”

ಅವಳು ನಿಂತಳು.

“ಕಾರು ಅಲ್ಲೇ ಬಿಟ್ಟು ಮನೆಗೆ ನಡೆದು ಹೋದೆ. ಸಿಟ್ಟೆಲ್ಲ ಅಲ್ಲೇ ಹೋಯ್ತು. ಆಮೇಲೆ ಬರದೇ ಇದ್ದದ್ದು ನಾಚಿಕೆಗೆ. ಕಣ್ಣು ಹೋಗ್ತಿರೋನು ಬಂದು ಏನಂತ ಹೇಳಲಿ ನಿಮಗೆ?”

“ಏನು ಹೇಳೋದಿತ್ತು?”

ಅವನು ಅವಳ ಎದುರಿಗೆ ಬಂದು ನಿಂತ. “ಡಾಕ್ಟರು ನೇರ ಎದುರಿನ ನೋಟ ಉಳಿಸಬಹುದು ಅಂದಿದ್ದಾರೆ. ಆ ನೋಟದಲ್ಲಿ ದಿನಾ ನೀವಿದ್ರೆ ಸಾಕು ಅಂತ.”

ಬಸ್ಸೊಂದು ಬಂದು, ನಿಂತು, ಹೋಯಿತು. ಇಬ್ಬರೂ ಅದರ ಕಡೆ ನೋಡಲಿಲ್ಲ.

ಕೊನೆಗೆ ಇಬ್ಬರೂ ವಾಪಸ್ ಮನೆಯ ಕಡೆಗೇ ನಡೆಯತೊಡಗಿದರು. ಅವಳು ಅವನ ಎಡಗಡೆಗೆ ಬಂದಳು.

“ಈ ಕಡೆ ಬನ್ನಿ,” ಎಂದು ಅವನು ಬಲಗಡೆ ತೋರಿಸಿದ. “ಅಲ್ಲಿದ್ರೆ ನೀವು ಕಾಣಲ್ಲ.”

“ಕಾಣದೇ ಇರೋ ಕಡೆಗೇ ಯಾರಾದ್ರೂ ಬೇಕು,” ಎಂದಳು ಅವಳು. “ಕೈ ಹಿಡ್ಕೋ.”