ಅಜ್ಜಿಯ ಪ್ರಾರ್ಥನೆಗೆ ಬಂದ ಬಲೂನು

"ಅಮ್ಮಾ, ನಿಮ್ಮ ಹಿಂದೆ ಬಲೂನ್ ಹಾರ್ತಿದೆ," ಎಂದರು ಬೇಕರಿ ಅಂಕಲ್, ಟ್ಯಾಬಿನ ಒಳಗಿಂದ.

ಅಜ್ಜಿ ಕಣ್ಣು ತೆರೆದು ಹಿಂತಿರುಗಿ ನೋಡಿದಳು. ಹಿಂದೆ ಇದ್ದದ್ದು ಬೀರು, ಬೀರುವಿನ ಮೇಲೆ ಮಡಚದ ಹೊದಿಕೆಗಳು.

"ಎಲ್ಲಿದೆಯಪ್ಪಾ?"

"ಈಗ ಹೋಯ್ತು. ಕೆಂಪು, ನೀಲಿ, ಹಳದಿ. ಸರ‍್ರಂತ ಮೇಲಕ್ಕೆ ಹೋಯ್ತು."

"ನಾನೂ ನೋಡಿದೆ," ಎಂದರು ರಿಟೈರಾದ ಮೇಷ್ಟ್ರು. ಮೇಷ್ಟ್ರೇ ಹೇಳಿದ ಮೇಲೆ ಇನ್ನೇನು, ಎಲ್ಲರೂ ನಂಬಿದರು.

ದಿನಾ ಸಂಜೆ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಬೀದಿಯವರನ್ನೆಲ್ಲ ಸೇರಿಸಿ ಪ್ರಾರ್ಥನೆ ಮಾಡಿಸುತ್ತಿದ್ದಳು. ಯಾರಿಗೆ ಏನು ಕಷ್ಟ ಎಂದು ಕೇಳುವಳು. ಆಮೇಲೆ ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಎರಡು ಬೆರಳು ಎತ್ತುವಳು. ಎರಡು ನಿಮಿಷ ಮೌನ, ಎಲ್ಲರೂ ಮೈಕ್ ಆಫ್ ಮಾಡಿ ಎಂದು ಅದರ ಅರ್ಥ. ಬಾಯಲ್ಲಿ ಹೇಳಿದರೆ ಬೇಕರಿ ಮಿಕ್ಸರಿನ ಗದ್ದಲದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.

ಅವತ್ತು ಪ್ರಾರ್ಥನೆ ಮಾಡಿದ್ದು ಬೇಕರಿ ಅಂಕಲ್ ಅವರ ಕಳೆದುಹೋದ ಬೆಕ್ಕಿಗಾಗಿ. ಸ್ವಲ್ಪ ಹೊತ್ತಿಗೆ ಬೆಕ್ಕು ಮೈದಾ ಮೂಟೆಯೊಳಗಿಂದ ಸೀನುತ್ತ ಎದ್ದು ಬಂತು. ಕರಿ ಬೆಕ್ಕು ಬಿಳಿ ಬೆಕ್ಕಾಗಿತ್ತು.

ಸಾಲದೇ? ಬೇಕರಿ ಅಂಕಲ್ ಬೆಕ್ಕಿನ ಫೋಟೋ ಸಮೇತ ಸ್ಟೇಟಸ್ ಹಾಕಿದರು: "ಬಲೂನ್ ಬಂತು, ಬೆಕ್ಕು ಸಿಕ್ಕಿತು." ಅದು ಗ್ರೂಪಿನಿಂದ ಗ್ರೂಪಿಗೆ ಹಾರಿತು. ಒಂದು ವಾರದೊಳಗೆ ಅಜ್ಜಿ ಬಲೂನ್ ಅಜ್ಜಿಯಾದಳು. ಕಾಲ್‌ಗೆ ಎಷ್ಟು ಜನ ಸೇರಿದರೆಂದರೆ ಒಬ್ಬೊಬ್ಬರ ಮುಖವೂ ಸ್ಟಾಂಪಿನಷ್ಟು ಚಿಕ್ಕದಾಗಿ ಕಾಣುತ್ತಿತ್ತು.

"ಅಜ್ಜಿ, ನಿಜವಾಗ್ಲೂ ದೇವ್ರೇ ಬಲೂನ್ ಬಿಡ್ತಾನಾ?" ಎಂದು ಮೊಮ್ಮಗಳು ಕೇಳಿದಳು. ಎದ್ದಾಗಿನಿಂದ ಮಲಗುವವರೆಗೆ ಏನಾದರೊಂದು ಕುಯ್ಯುತ್ತಲೇ ಇರುತ್ತಿದ್ದ ಅವಳಿಗೆ ಮನೆಯಲ್ಲಿ ಪಿಟೀಲು ಎಂದೇ ಹೆಸರು.

"ಯಾರಿಗ್ಗೊತ್ತು. ಅವನಿಗೂ ಬಲೂನ್ ಇಷ್ಟ ಇರಬಹುದು," ಎಂದಳು ಅಜ್ಜಿ, ಕನ್ನಡಿ ಮುಂದೆ ನಿಂತು ಪೌಡರ್ ಹಚ್ಚಿಕೊಳ್ಳುತ್ತ. ಮುಂಚೆ ಅವಳು ಪ್ರಾರ್ಥನೆಗೆ ಪೌಡರ್ ಹಚ್ಚಿಕೊಂಡವಳೇ ಅಲ್ಲ.

ಪಿಟೀಲಿಗೆ ಸಮಾಧಾನವಾಗಲಿಲ್ಲ. ಅಜ್ಜಿ ಸ್ನಾನಕ್ಕೆ ಹೋದಾಗ ವಿಡಿಯೋ ಆನ್ ಮಾಡಿ ಟ್ಯಾಬಿನ ಮುಂದೆ ನಿಂತಳು. ನಾಲಿಗೆ ಚಾಚಿದಳು. ಕಿವಿ ಎಳೆದುಕೊಂಡಳು. ಸುಳ್ಳು ಸುಳ್ಳೇ ಸೀನಿದಳು. ಏನೂ ಆಗಲಿಲ್ಲ. ಕೊನೆಗೆ ಅಜ್ಜಿಯ ಹಾಗೆ ಎರಡು ಬೆರಳು ಎತ್ತಿದಳು. ಸರ‍್ರನೆ ಬಲೂನು ಹಾರಿತು.

ಚಿಕ್ಕಪ್ಪ ತಂದುಕೊಟ್ಟ ಹೊಸ ಟ್ಯಾಬಿನ ಆಟ ಅದು. ಎರಡು ಬೆರಳು ಕಂಡರೆ ಸಾಕು, ತಾನಾಗಿಯೇ ಬಲೂನು ಬಿಡುತ್ತದೆ. ಬೆರಳು ಮುಖಕ್ಕೆ ತೀರಾ ಹತ್ತಿರ ಇದ್ದರೆ ಮಾತ್ರ ಬಿಡುವುದಿಲ್ಲ.

ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ಹುಡುಗಿ ಈ ಮಾತನ್ನು ಮಾತ್ರ ಗುಟ್ಟಾಗಿ ಇಟ್ಟುಕೊಂಡಳು. ಏಕೆಂದರೆ ಬೇಕರಿ ಅಂಕಲ್ ದಿನಾ ಕ್ರೀಮ್ ಬನ್ ಕಳಿಸುತ್ತಿದ್ದರು. ಸ್ಕೂಲಿನಲ್ಲಿ ದೊಡ್ಡ ಕ್ಲಾಸಿನವರು ಕೂಡ "ಬಲೂನ್ ಅಜ್ಜಿ ಮೊಮ್ಮಗಳು" ಎಂದು ದಾರಿ ಬಿಡುತ್ತಿದ್ದರು. "ಅಜ್ಜಿ, ಕೈ ಸ್ವಲ್ಪ ಆಚೆ ಹಿಡಿ, ಚೆನ್ನಾಗಿ ಕಾಣುತ್ತೆ," ಎಂದು ಹೇಳಿಕೊಡುವಷ್ಟು ಜಾಣೆಯಾದಳು. ಮೇಷ್ಟ್ರ ಮಂಡಿನೋವಿಗೆ ಬಲೂನು, ಯಾರದೋ ಇಂಟರ್‌ವ್ಯೂಗೆ ಬಲೂನು, ಕೆಟ್ಟುಹೋದ ಫ್ರಿಜ್ಜಿಗೂ ಬಲೂನು. ಫ್ರಿಜ್ಜು ಮಾತ್ರ ಕೆಟ್ಟೇ ಇತ್ತು.

ಹೀಗಿರುವಾಗ ಒಂದು ಸಂಜೆ ಎದುರುಮನೆ ಟೈಲರ್ ಆಂಟಿ ಮೈಕ್ ಆನ್ ಮಾಡಿದರು. ಅವರ ಕಣ್ಣು ಕೆಂಪಾಗಿತ್ತು.

"ಅಮ್ಮಾ, ನಾಳೆ ನಮ್ಮನೆಯವ್ರಿಗೆ ಹೊಟ್ಟೆ ಆಪರೇಷನ್. ಅವ್ರಿಗೆ ಭಯ, ನಂಗೂ ಭಯ. ನೀವು ಪ್ರಾರ್ಥನೆ ಮಾಡಿ. ಬಲೂನ್ ಬಂದ್ರೆ ದೇವ್ರೇ ವಾಸಿ ಮಾಡ್ತಾನೆ ಅಂತ ಅರ್ಥ. ಆಪರೇಷನ್ ಬೇಡ ಅಂತ ಡಾಕ್ಟ್ರಿಗೆ ಹೇಳ್ಬಿಡ್ತೀವಿ."

ಪಿಟೀಲಿನ ಕೈಯಲ್ಲಿದ್ದ ಬನ್ ಅಲ್ಲೇ ನಿಂತಿತು. ಬಲೂನು ಬಂದರೆ ಆಪರೇಷನ್ ಇಲ್ಲ. ಕೈ ಮುಖದ ಹತ್ತಿರ ಹಿಡಿಸಿ ಬಲೂನು ಬಾರದ ಹಾಗೆ ಮಾಡಿದರೆ, ದೇವರು ಕೈಬಿಟ್ಟ ಎಂದು ಆಂಟಿ ಅಳುತ್ತಾರೆ. ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಅಷ್ಟು ಜನರ ಮುಂದೆ ಅಜ್ಜಿಯ ಮಾನ ಹೋಗುತ್ತದೆ. ಅವಳಿಗೆ ತುಂಬ ಹೆದರಿಕೆಯಾಯಿತು.

ಅಜ್ಜಿ ಕನ್ನಡಕ ತೆಗೆದಳು. ಕಣ್ಣು ಮುಚ್ಚಿದಳು. ಕೈ ಮೇಲೇಳತೊಡಗಿತು.

ಪಿಟೀಲು ನುಗ್ಗಿ ಬಂದು ಆ ಕೈಯನ್ನು ಹಿಡಿದುಕೊಂಡಳು.

"ಆಂಟಿ, ಬಲೂನ್ ದೇವ್ರು ಬಿಡೋದಲ್ಲ. ಟ್ಯಾಬ್ ಬಿಡೋದು. ಬೇಕಾದ್ರೆ ನೋಡಿ." ಅವಳು ಎರಡು ಬೆರಳು ಎತ್ತಿದಳು. ಕೆನ್ನೆಗೆ ಕ್ರೀಮ್ ಮೆತ್ತಿಕೊಂಡಿದ್ದ ಅವಳ ಹಿಂದೆಯೂ ಕೆಂಪು, ನೀಲಿ, ಹಳದಿ ಬಲೂನುಗಳು ಹಾರಿದವು. "ನಂಗೆ ಮೊದ್ಲೇ ಗೊತ್ತಿತ್ತು. ಅಜ್ಜಿಗೆ ಗೊತ್ತಿರ್ಲಿಲ್ಲ."

ಆಮೇಲೆ ಬೇಕರಿ ಅಂಕಲ್ ಮೆಲ್ಲಗೆ ತಮ್ಮ ಎರಡು ಬೆರಳು ಎತ್ತಿ ನೋಡಿದರು. ಅವರದು ಹಳೇ ಫೋನು, ಏನೂ ಬರಲಿಲ್ಲ. ಬಲಗೈ ಆಯಿತು, ಎಡಗೈ ಆಯಿತು, ಕೊನೆಗೆ ಬೆಕ್ಕಿನ ಕಾಲನ್ನೇ ಎತ್ತಿ ಹಿಡಿದರು.

"ನನಗೆ ಮೊದಲಿಂದ್ಲೂ ಡೌಟ್ ಇತ್ತು," ಎಂದರು ಮೇಷ್ಟ್ರು.

"ಮತ್ತೆ ಮಂಡಿಗೆ ಎರಡು ಸಲ ಬಲೂನ್ ಹಾಕಿಸ್ಕೊಂಡ್ರಲ್ಲ ಮೇಷ್ಟ್ರೇ?" ಎಂದು ಯಾರೋ ಕೇಳಿದರು. ಮೇಷ್ಟ್ರ ವಿಡಿಯೋ ತಟ್ಟನೆ ಆಫ್ ಆಯಿತು. ಅಳುತ್ತಿದ್ದ ಟೈಲರ್ ಆಂಟಿಗೂ ನಗು ಬಂತು.

ಅಜ್ಜಿ ನಗಲಿಲ್ಲ. ಪಿಟೀಲನ್ನು ಒಂದು ಸಲ ನೋಡಿದಳು. ಬೈದಿದ್ದರೇ ವಾಸಿ ಎನ್ನಿಸುವಂಥ ನೋಟ ಅದು. ಆಮೇಲೆ ಸೆರಗಿನಿಂದ ಮುಖದ ಪೌಡರ್ ಒರೆಸಿಕೊಂಡು ಟ್ಯಾಬಿನ ಕಡೆ ತಿರುಗಿದಳು.

"ನೋಡಮ್ಮ, ಡಾಕ್ಟ್ರು ಹೇಳಿದ ಹಾಗೆ ಆಪರೇಷನ್ ಮಾಡಿಸು. ಬೆಳಿಗ್ಗೆ ನಾನೂ ಆಸ್ಪತ್ರೆಗೆ ಬರ್ತೀನಿ, ಜೊತೇಲಿ ಕೂತಿರೋಣ. ಈಗ ಎಲ್ಲರೂ ಸೇರಿ ಬೇಡ್ಕೊಳ್ಳೋಣ."

"ಬಲೂನ್ ಇಲ್ದೇನಾ ಅಮ್ಮಾ?"

"ಇಲ್ದೇನೇ."

ಕೆಲವರು ಕಾಲ್ ಬಿಟ್ಟು ಹೋದರು. ಉಳಿದವರ ಮುಖಗಳು ದೊಡ್ಡವಾದವು. ಪಿಟೀಲು ಸೆಟ್ಟಿಂಗ್ಸ್‌ಗೆ ಹೋಗಿ ಬಲೂನನ್ನು ಆಫ್ ಮಾಡಿ, ಪರದೆಯತ್ತ ನೋಡಿದಳು.

ಇಷ್ಟು ದಿನ ಈ ಹೊತ್ತಿಗೆ ಎಲ್ಲರೂ ಕಣ್ಣರಳಿಸಿಕೊಂಡು ಅಜ್ಜಿಯ ಹಿಂದಿನ ಬೀರುವನ್ನೇ ನೋಡುತ್ತಿದ್ದರು. ಇವತ್ತು ಎಲ್ಲರ ಕಣ್ಣೂ ಮುಚ್ಚಿತ್ತು. ಟೈಲರ್ ಆಂಟಿಯ ತುಟಿ ಮಾತ್ರ ಅಲುಗುತ್ತಿತ್ತು.

ಬೆಕ್ಕಿಗೆ, ಮಂಡಿಗೆ, ಫ್ರಿಜ್ಜಿಗೆ, ಎಲ್ಲದಕ್ಕೂ ಬಲೂನು ಹಾರಿದ್ದನ್ನು ಪಿಟೀಲು ನೋಡಿದ್ದಳು. ಆದರೆ ಯಾರಿಗಾಗಿಯೂ ತಾನು ಒಂದು ಸಲವೂ ಏನೂ ಕೇಳಿಕೊಂಡಿರಲಿಲ್ಲ ಎಂದು ಅವಳಿಗೆ ಹೊಳೆದದ್ದು ಆಗಲೇ. ಅಜ್ಜಿಗೆ ಅಂಟಿಕೊಂಡು ಕೂತು ಕಣ್ಣು ಮುಚ್ಚಿದಳು. ಎದುರುಮನೆ ಅಂಕಲ್‌ಗೆ ನೋವಾಗದಿರಲಿ, ಆಂಟಿ ಅಳದಿರಲಿ ಎಂದುಕೊಂಡಳು.

ಎರಡು ನಿಮಿಷ ಕಳೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅಜ್ಜಿಯೇ ಭುಜ ತಟ್ಟಿ, "ಮುಗೀತು ಕಣೇ," ಎನ್ನಬೇಕಾಯಿತು.