ಒಂದು, ಎರಡು, ಮೂರು, ಹಿಕ್!

ಬೇಸಿಗೆ ಮುಗಿಯುತ್ತಾ ಬಂದಿತ್ತು. ಸಂಜೆ ಐದು ಗಂಟೆ. ಅತ್ತೆಯ ಟೈಲರಿಂಗ್ ಅಂಗಡಿಯಲ್ಲಿ ಮೂವರು ದೊಡ್ಡವರು ವಾದ್ಯ ಹಿಡಿದು, ಎಣಿಕೆ ಮುಗಿಯಲೆಂದು ಉಸಿರು ಬಿಗಿಹಿಡಿದು ಪುಟ್ಟ ಚೋಟಿಯ ಬಾಯಿಯನ್ನೇ ನೋಡುತ್ತಿದ್ದರು.

"ಒಂದು, ಎರಡು, ಮೂರು... ಹಿಕ್!"

ನಾಲ್ಕು ಬರಬೇಕಾದಲ್ಲಿ ಬಿಕ್ಕಳಿಕೆ ಬಂತು. ಖುಷಿ ಹೆಚ್ಚಾದರೆ ಚೋಟಿಗೆ ಹಾಗೇ. ಆದರೆ ಆ ಹಿಕ್ಕಿಗೇ ಮೂವರೂ ಶುರು ಹಚ್ಚಿಕೊಂಡುಬಿಟ್ಟರು! ಅತ್ತೆಯ ಕೀಬೋರ್ಡು ಟುಂಯ್ ಎಂದಿತು. ಪಂಕ್ಚರ್ ಅಂಗಡಿಯ ಡ್ರಮ್ ಅಣ್ಣ ಡುಬ್ಬಕ್ಕನೆ ಬಡಿದ. ಕ್ಷೌರದಂಗಡಿಯ ಗಿಟಾರ್ ಮಾವ ಕೂದಲನ್ನು ಮುಳ್ಳುಹಂದಿಯ ಹಾಗೆ ನಿಲ್ಲಿಸಿಕೊಂಡು ಎಗರಿ ಎಗರಿ ಬಾರಿಸಿದ.

"ಇದೇ ಕಣ್ರೋ! ಇದೇ ನಮ್ಮ ನ್ಯೂ ವೇವ್!" ಎಂದು ಕೂಗಿದ.

"ಹಂಗಂದ್ರೇನು ಮಾವ?"

"ಹೊಸ ಅಲೆ! ಹಳೇ ಹಾಡೆಲ್ಲ ಕೊಚ್ಕೊಂಡು ಹೋಗುತ್ತೆ."

"ಮೊದ್ಲು ನಿನ್ನ ಪ್ಯಾಂಟು ಕೊಚ್ಕೊಂಡು ಹೋಗದಂಗೆ ಬೆಲ್ಟ್ ಹಾಕ್ಕೊ," ಎಂದಳು ಅತ್ತೆ.

ಡ್ರಮ್ ಅಣ್ಣ ನೀರಿನ ಲೋಟ ತಂದ. "ಯಾರೋ ನಿನ್ನ ನೆನೆಸ್ಕೊಳ್ತಿದಾರೆ ಚೋಟಿ. ಹೆಸರು ಹೇಳ್ತಾ ಹೋಗು. ಸರಿಯಾದ ಹೆಸರಿಗೆ ಬಿಕ್ಕಳಿಕೆ ನಿಂತೋಗುತ್ತೆ."

"ಹೆಡ್ ಮೇಷ್ಟ್ರು?"

ಬಿಕ್ಕಳಿಕೆ ಹೆದರಿ ನಿಂತೇಹೋಯಿತು.

ಬ್ಯಾಂಡಿಗೆ 'ಬಿಕ್ಕಳಿಕೆ' ಎಂದೇ ಹೆಸರಾಯಿತು. ಅತ್ತೆ ಎಲ್ಲರಿಗೂ ಮಿರಮಿರ ಮಿಂಚುವ ಅಂಗಿ ಹೊಲಿದಳು. ಭುಜದೊಳಗೆ ಎಷ್ಟು ಸ್ಪಂಜು ತುಂಬಿದ್ದಳೆಂದರೆ ಡ್ರಮ್ ಅಣ್ಣ ಬಾಗಿಲಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಾಯಿತು.

ಮೊದಲು ಚೋಟಿಯ ಶಾಲೆಯಲ್ಲಿ ಹಾಡಿದರು. ಆಮೇಲೆ ಟೌನ್ ಹಾಲಿನಲ್ಲಿ. ಆಮೇಲೆ ಪಕ್ಕದ ಊರಿಗೆ ಲಾರಿಯಲ್ಲಿ ಹೋದರು. ಚೋಟಿ "ಮೂರು" ಎಂದೊಡನೆ ಸಭೆ ಗಪ್‌ಚುಪ್. ಹಿಕ್ ಎಂದೊಡನೆ ಇಡೀ ಸಭೆ "ಹಿಕ್!" ಬೆಳಿಗ್ಗೆ ಹಾಲಿನವನೂ ಸೈಕಲ್ ಬೆಲ್ ಬಿಟ್ಟು "ಹಿಕ್" ಎನ್ನತೊಡಗಿದ.

ಕೊನೆಗೆ ರೇಡಿಯೋದವರು ಕರೆದರು.

ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿತು. ಚೋಟಿಗೆ ಖುಷಿಯ ಬದಲು ಭಯವಾಯಿತು.

"ಒಂದು, ಎರಡು, ಮೂರು..."

ಬರಲಿಲ್ಲ.

ಗಿಟಾರ್ ಮಾವ ಕಾಯಲಾರದೆ ಬಾರಿಸಿಬಿಟ್ಟ. ಡ್ರಮ್ ಅಣ್ಣ ಕೋಲು ಎತ್ತಿ ಹಿಡಿದೇ ಕೂತಿದ್ದ. "ಎಲ್ರೀ ಹಿಕ್ಕು?" ಎಂದು ಅವನು ಕೇಳಿದ್ದು ಊರಿಗೆಲ್ಲ ಕೇಳಿಸಿತು.

ಮಾರನೆಯ ದಿನ ಗಿಟಾರ್ ಮಾವ ಪುಟ್ಟ ಟೇಪ್ ರೆಕಾರ್ಡರ್ ತಂದ. ಅದರಲ್ಲಿ ಚೋಟಿಯ ಹಳೆಯ ಹಿಕ್ಕಿತ್ತು. "ಬಟನ್ ಒತ್ತಿದ್ರೆ ಸಾಕು. ಇನ್ಮೇಲೆ ಕಾಯೋ ಕೆಲ್ಸ ಇಲ್ಲ."

"ಬಟನ್ನಿಗೆ ನಾನು ಬಡಿಯಲ್ಲ," ಎಂದ ಡ್ರಮ್ ಅಣ್ಣ. "ಮಗು ಮುಖ ನೋಡ್ಕೊಂಡು ಕಾಯೋದ್ರಲ್ಲೇ ಮಜಾ ಇರೋದು."

"ಹಂಗಾದ್ರೆ ಕಾಯ್ತಾ ಕೂತ್ಕೊ!"

"ಕೂತ್ಕೋತೀನಿ! ಡ್ರಮ್ ಬಾರಿಸೋನು ಕೂತೇ ಇರ್ತಾನೆ!"

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಚೋಟಿ ಬಟ್ಟೆ ರಾಶಿಯ ಹಿಂದೆ ಕೂತು ಗಬಗಬನೆ ಬ್ರೆಡ್ ನುಂಗಿದಳು. ಗುಟುಕು ಗುಟುಕಾಗಿ ಗಾಳಿ ನುಂಗಿದಳು. ಒಂಟಿ ಕಾಲಿನಲ್ಲಿ ಕುಣಿದಳು. ಒಂದೇ ಒಂದು ಹಿಕ್ ಬಂದಿದ್ದರೆ ಜಗಳ ನಿಲ್ಲುತ್ತಿತ್ತು. ಬರಲಿಲ್ಲ.

ಗುರುವಾರ ಗಿಟಾರ್ ಮಾವ ಬೇರೆ ಊರಿನ ಬ್ಯಾಂಡ್ ಸೇರಲು ಬಸ್ ಹತ್ತಿದ. ಶನಿವಾರ ಡ್ರಮ್ ಅಣ್ಣ ತನ್ನ ಡ್ರಮ್ಮುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಅಕ್ಕನ ಊರಿಗೆ ಹೋದ.

ಸೋಮವಾರ ಬೆಳಿಗ್ಗೆ ಅತ್ತೆ ಚೋಟಿಗೆ ಜಡೆ ಹಾಕುತ್ತಿದ್ದಳು.

"ಅತ್ತೆ, ಬ್ಯಾಂಡ್ ನನ್ನಿಂದಲೇ ಒಡೀತಾ?"

"ಹುಚ್ಚುಡುಗಿ. ನಿನ್ನಿಂದ ಶುರುವಾಯ್ತು ಕಣೇ. ಒಡೆದಿದ್ದು ದೊಡ್ಡೋರಿಂದ."

"ಹಿಕ್!"

ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು.

"ಯಾರೋ ನೆನೆಸ್ಕೊಂಡ್ರು ನೋಡು," ಎಂದಳು ಅತ್ತೆ. "ಹೇಳು, ಯಾರು?"

"ಗಿಟಾರ್ ಮಾವ?... ಹಿಕ್! ಡ್ರಮ್ ಅಣ್ಣ?... ಹಿಕ್!"

"ಹಂಗಾದ್ರೆ?"

"ಇಬ್ಬರೂ ಒಟ್ಟಿಗೆ" ಎನ್ನಲು ಚೋಟಿ ಬಾಯಿ ತೆರೆದಳು. ತಟ್ಟನೆ ಮುಚ್ಚಿಕೊಂಡಳು. ಸರಿಯಾದ ಹೆಸರು ಹೇಳಿದರೆ ಬಿಕ್ಕಳಿಕೆ ನಿಂತುಹೋಗುತ್ತದಲ್ಲ!

ಅತ್ತೆ ಕೊಟ್ಟ ನೀರನ್ನು ಮುಟ್ಟದೆ, ಚೀಲ ಬೆನ್ನಿಗೇರಿಸಿ, ಹಿಕ್ ಹಿಕ್ ಎನ್ನುತ್ತಾ ದಾರಿಯುದ್ದಕ್ಕೂ ಕುಣಿದುಕೊಂಡು ಹೋದಳು.

ಬಿಕ್ಕಳಿಕೆಯೂ ಅದೇ ಸೋಮವಾರ, ಲೆಕ್ಕದ ಪೀರಿಯಡ್‌ನಲ್ಲಿ, ಯಾರಿಗೂ ಹೇಳದೆ ಹೊರಟುಹೋಯಿತು.