ತಪ್ಪಿಗೆ ಕಾರಣ

ಅಂದು ಬೆಳಿಗ್ಗೆ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಪ್ರಜಾಪ್ರಭುತ್ವದ ಮುಂದೆ ಒಂದು ಗಂಭೀರ ಪ್ರಶ್ನೆ ಎದ್ದು ನಿಂತಿತು. ವಿರೋಧ ಪಕ್ಷದ ಕಚೇರಿಯ ಸಭಾಂಗಣದಲ್ಲಿದ್ದ ಏಕೈಕ ಪ್ಲಗ್ ಪಾಯಿಂಟ್ ಯಾರದು?

ತನ್ನದೇ ಎಂದು ಪಕ್ಷ ನಂಬಿತ್ತು. ಅದರಲ್ಲಿ ಸಿಕ್ಕಿಸಿದ್ದ ಪ್ರೊಜೆಕ್ಟರಿನಿಂದ, ಮುಂದಿನ ಐದು ವರ್ಷಗಳಲ್ಲಿ ನಾಡು ಕಾಣಲಿರುವ ಏಳಿಗೆ ಬಣ್ಣಬಣ್ಣದ ಕಂಬಗಳಾಗಿ ಗೋಡೆಯ ಮೇಲೆ ಬೀಳುತ್ತಿತ್ತು. ಲ್ಯಾಪ್‌ಟಾಪಿನ ಚಾರ್ಜು ಶೇಕಡಾ ಎರಡಕ್ಕೆ ಇಳಿದಿದ್ದ ಪತ್ರಕರ್ತೆಯೊಬ್ಬಳ ಅಭಿಪ್ರಾಯ ಮಾತ್ರ ಬೇರೆಯಾಗಿತ್ತು. ಅವಳು ಬಗ್ಗಿ, ಯಾವುದೋ ವೈರನ್ನು ಕಿತ್ತು, ತನ್ನದನ್ನು ಸಿಕ್ಕಿಸಿದಳು.

ಗೋಡೆಯ ಮೇಲಿನ ಏಳಿಗೆ ಪಕ್ಕನೆ ಆರಿಹೋಯಿತು!

"ಮೇಡಂ..." ಹಿಂದಿನಿಂದ ತಗ್ಗಿದ ದನಿಯೊಂದು ಬಂತು. "ನೀವು ಕಿತ್ತಿದ್ದು ನಮ್ಮ ಐದು ವರ್ಷದ ಯೋಜನೆ."

ಅವಳು ತಿರುಗಿದಳು. ದಪ್ಪ ಕನ್ನಡಕ, ಮೊಣಕೈವರೆಗೆ ಮಡಚಿದ ಅಂಗಿಯ ತೋಳು, ಎದೆಗೊತ್ತಿ ಹಿಡಿದ ಕಾಗದದ ಕಟ್ಟು. ಪಕ್ಷದ ಅಂಕಿಸಂಖ್ಯೆಗಳನ್ನೆಲ್ಲ ಬರೆಯುವ ಲೆಕ್ಕಿಗ. ಪಕ್ಷದ ಮನುಷ್ಯನೇ... ಆದರೆ ಆ ನಗು ಪಕ್ಷದ್ದಲ್ಲ.

ಎದೆ ಒಂದು ಬಡಿತ ತಪ್ಪಿತು. ಅದನ್ನು ಮುಚ್ಚಿಕೊಳ್ಳಲು ಅವಳು ಜಗಳಕ್ಕೇ ನಿಂತಳು.

"ಕಿತ್ತಿದ್ದು ಒಳ್ಳೇದೇ ಆಯ್ತು. ನಿಮ್ಮ ಕಂಬಗಳು ಸೊನ್ನೆಯಿಂದ ಶುರುವಾಗಿಲ್ಲ, ಮುನ್ನೂರರಿಂದ ಶುರುವಾಗಿವೆ. ಅದಕ್ಕೇ ನಿಮ್ಮ ಕಂಬ ಸೂರು ಮುಟ್ಟುತ್ತೆ, ಆಳುವವರ ಕಂಬ ಮೊಣಕಾಲಿಗೆ ಬರುತ್ತೆ!"

ಅವನು ಕಾಗದ ತೆಗೆದು ನೋಡಿದ. ಕಿವಿ ಕೆಂಪಾಯಿತು.

"ಹೌದಲ್ಲ... ತಪ್ಪು ನನ್ನದೇ. ಸಂಜೆಯೊಳಗೆ ಸರಿ ಮಾಡಿ ಕಳಿಸ್ತೀನಿ."

ಅವಳು ಬಗ್ಗಿ ತನ್ನ ವೈರನ್ನು ಕಿತ್ತು, ಅವನದನ್ನು ಮತ್ತೆ ಸಿಕ್ಕಿಸಿದಳು.

ಏಳು ವರ್ಷಗಳಿಂದ ಅವಳ ಕೆಲಸವೇ ಇದು. ಪತ್ರಿಕೆಯೊಂದರ ಪರಿಶೀಲನಾ ವಿಭಾಗದಲ್ಲಿ ಕೂತು, ಪಕ್ಷಗಳು ತೆರಿಗೆ ಮತ್ತು ಖರ್ಚಿನ ಬಗ್ಗೆ ಹೇಳುವುದನ್ನೆಲ್ಲ ತೂಗಿ, 'ನಿಜ', 'ಅರ್ಧ ನಿಜ', 'ಸುಳ್ಳು' ಎಂಬ ಮೂರರಲ್ಲೊಂದು ಮುದ್ರೆ ಒತ್ತುವುದು. ಆಫೀಸಿನಲ್ಲಿ ಅವಳ ಹೆಸರೇ ತಕ್ಕಡಿ. ಈ ಏಳು ವರ್ಷಗಳಲ್ಲಿ ಅವಳ ಒಂದು ತೀರ್ಪಿಗೂ ತಿದ್ದುಪಡಿ ಅಚ್ಚಾಗಿರಲಿಲ್ಲ. ಮುದ್ರೆ ಒತ್ತಿಸಿಕೊಂಡವರ ಬಾಯಲ್ಲಿ 'ಅಂಕಿ ತಿರುಚಿದ್ದೀರಿ', 'ನಿಮಗೆ ದುಡ್ಡು ಕೊಟ್ಟವರು ಯಾರು' ಎಂಬುದನ್ನೆಲ್ಲ ಕೇಳಿದ್ದಳು. 'ತಪ್ಪು ನನ್ನದೇ' ಎಂಬುದನ್ನು ಮಾತ್ರ ಕೇಳಿರಲಿಲ್ಲ.

ಸಂಜೆ ನಾಲ್ಕೂವರೆಗೆ ಹೊಸ ಚಿತ್ರ ಬಂತು. ಕಂಬಗಳೆಲ್ಲ ಸೊನ್ನೆಯಿಂದ ಎದ್ದಿದ್ದವು. ಎರಡೂ ಪಕ್ಷಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕಿದ್ದವು, ಪಾಪ.

ಮನೆಯಲ್ಲಿ ಅವಳು ಅದನ್ನೇ ನೋಡುತ್ತ ನಗುತ್ತಿದ್ದಾಗ ಅಮ್ಮ ಇಣುಕಿದರು.

"ಏನೇ ಅದು, ಯಾರ ಫೋಟೋ?"

"ಫೋಟೋ ಅಲ್ಲಮ್ಮ. ತೆರಿಗೆ ಆದಾಯದ ಚಿತ್ರ."

"ನಿನ್ನ ಹಣೆಬರಹ! ಹೋದ ಸಲ ನಿನ್ನ ನೋಡೋಕೆ ಬಂದ ಹುಡುಗ ಸಂಬಳ ಹೇಳಿದ್ರೆ, ನೀನು ಕಡಿತ ಕಳೆದೋ ಕಳೆಯದೆಯೋ ಅಂತ ಕೇಳ್ದೆ. ಅವನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಈಗ ಚಿತ್ರ ನೋಡ್ಕೊಂಡು ನಗು."

ವಿಭಾಗಕ್ಕೊಂದು ನಿಯಮವಿತ್ತು. ಯಾವ ತೀರ್ಪನ್ನೂ ಬರೆಯುವ ಮೊದಲು ಹೇಳಿಕೆ ಕೊಟ್ಟವರಿಗೆ ಫೋನ್ ಮಾಡಿ ವಿವರಣೆ ಕೇಳಬೇಕು. ಅದೂ ಸ್ಪೀಕರಿನಲ್ಲಿ, ವಿಭಾಗದ ಮುಖ್ಯಸ್ಥರ ಎದುರಿಗೆ. ಹೀಗಾಗಿ ಈ ಪ್ರೇಮ ಬೆಳೆದದ್ದೆಲ್ಲ ಮೂರನೆಯವರೊಬ್ಬರ ಸಮ್ಮುಖದಲ್ಲಿ. ಅವರು ಮಾತಿನ ನಡುವೆ ಕಡಲೆಕಾಯಿ ಬಿಡಿಸುತ್ತಿದ್ದರು.

"ನಿಮ್ಮ ಪ್ರಣಾಳಿಕೆಯ ಹತ್ತೊಂಬತ್ತನೇ ಪುಟ," ಎಂದಳು ಅವಳು. "ಇನ್ನೂರು ಹೊಸ ಶಾಲಾ ಬಸ್ಸು ಅಂತಿದೆ. ಡ್ರೈವರುಗಳ ಸಂಬಳ ಎಲ್ಲಿದೆ?"

ಆ ಕಡೆ ಪುಟ ತಿರುವುವ ಸದ್ದು.

"ಇಲ್ಲ."

"ಇಲ್ಲ ಅಂದ್ರೆ?"

"ಬಸ್ಸು ಇದೆ, ಡ್ರೈವರ್ ಇಲ್ಲ. ಮರೆತುಬಿಟ್ಟಿದ್ದೀನಿ. 'ಅರ್ಧ ನಿಜ' ಹಾಕಿ ಮೇಡಂ. ನಿಮ್ಮ ಜಾಗದಲ್ಲಿ ನಾನಿದ್ರೂ ಅದಕ್ಕಿಂತ ಜಾಸ್ತಿ ಕೊಡ್ತಿರಲಿಲ್ಲ."

ಫೋನ್ ಇಟ್ಟ ಮೇಲೆ ಮುಖ್ಯಸ್ಥರು ಸಿಪ್ಪೆ ಕೊಡವಿದರು. "ಇವನು ಆ ಪಕ್ಷದಲ್ಲಿ ಎಷ್ಟು ದಿನ ಬಾಳ್ತಾನಮ್ಮ?"

ಎರಡು ವಾರದಲ್ಲಿ ಒಂಬತ್ತು ಕರೆಗಳಾದವು. ಅವುಗಳಲ್ಲಿ ಮೂರರ ಉತ್ತರ ಪ್ರಣಾಳಿಕೆಯಲ್ಲೇ ದಪ್ಪಕ್ಷರದಲ್ಲಿತ್ತು. ಎಂಟನೆಯ ಕರೆಯಲ್ಲಿ ಅವನು "ಊಟ ಆಯ್ತಾ?" ಎಂದ. ಮುಖ್ಯಸ್ಥರಿಗೆ ಜೋರಾಗಿ ಕೆಮ್ಮು ಬಂತು.

"ತಕ್ಕಡಿ ಒಂದು ಕಡೆ ವಾಲ್ತಿದೆಯಲ್ಲ ಮೇಡಂ!" ಎಂದು ಪಕ್ಕದ ಮೇಜಿನ ವ್ಯಂಗ್ಯಚಿತ್ರಕಾರ ಕೂಗಿದ. "ಯಾವ ತಟ್ಟೇಲಿ ಯಾರು ಕೂತಿದ್ದಾರೆ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಆ ಮಾತು ಮುಳ್ಳಿನಂತೆ ಒಳಗೆ ಮುರಿದುಕೊಂಡಿತು.

*ನಿಜವಾಗಿಯೂ ವಾಲುತ್ತಿದ್ದೇನಾ...? ಅವನ ದನಿ ಕೇಳಿದರೆ ಎಲ್ಲವೂ ನಿಜ ಅನ್ನಿಸುತ್ತದಲ್ಲ!*

ಆ ವಾರವೇ ಚುನಾವಣೆಯ ದೊಡ್ಡ ಜಗಳ ಎದ್ದದ್ದು. ಔಷಧಿಯ ಮೇಲಿನ ತೆರಿಗೆಯನ್ನು ಪೂರ್ತಿ ತೆಗೆಯುತ್ತೇವೆ ಎಂದು ಅವನ ಪಕ್ಷ ಘೋಷಿಸಿತು. ಖೋತಾ ಆಗುವ ನಾನೂರು ಕೋಟಿಯನ್ನು ದೊಡ್ಡ ಕಂಪನಿಗಳ ತೆರಿಗೆ ಬಾಕಿ ವಸೂಲು ಮಾಡಿ ತುಂಬುತ್ತೇವೆ ಎಂದಿತು. ಶುದ್ಧ ಸುಳ್ಳು ಎಂದು ಆಳುವ ಪಕ್ಷ ಅಬ್ಬರಿಸಿತು. ಇಬ್ಬರೂ ಒಬ್ಬರನ್ನೊಬ್ಬರು ವಂಚಕರೆಂದು ಕರೆದುಕೊಂಡು, ಪತ್ರಿಕೆಯ ಕಡೆ ನೋಡಿದರು.

ಅವಳು ಖಜಾನೆಯ ವಾರ್ಷಿಕ ಸಂಪುಟ ತೆರೆದಳು. ವಸೂಲಾಗಬಲ್ಲ ಬಾಕಿ ನೂರೈವತ್ತು ಕೋಟಿ. ಉಳಿದದ್ದು ನ್ಯಾಯಾಲಯದಲ್ಲಿ.

ಈಗ ಫೋನ್ ಮಾಡಬೇಕು. ಮುಖ್ಯಸ್ಥರು ಅಂದು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು. ಅವಳ ಬೆರಳು ಅವನ ನಂಬರಿನ ಮೇಲೆ ನಿಂತಿತು...

*ಬೇಡ. ಅವನು ಎರಡು ಮಾತಾಡಿದರೆ ನಾನು 'ಅರ್ಧ ನಿಜ' ಅಂತ ಇಳಿದುಬಿಡ್ತೀನಿ.*

ಅವಳು 'ಸುಳ್ಳು' ಎಂದು ಒತ್ತಿದಳು. ಇದೇ ನಿಷ್ಪಕ್ಷಪಾತ ಎಂದುಕೊಂಡಳು.

ಮರುದಿನವೇ ಅವಳ ಮುದ್ರೆ ಆಳುವ ಪಕ್ಷದ ಪೋಸ್ಟರುಗಳಾಗಿ ಬೀದಿಗಿಳಿಯಿತು. ಬಸ್ ನಿಲ್ದಾಣ, ಹಾಲಿನ ಅಂಗಡಿ, ಅವಳ ಮನೆಯ ತಿರುವಿನ ಗೋಡೆ... ಎಲ್ಲೆಲ್ಲೂ 'ಸುಳ್ಳು', ಆಳೆತ್ತರದ ಅಕ್ಷರದಲ್ಲಿ.

ಅವನ ಫೋನ್ ಬರಲಿಲ್ಲ. ದೂರೂ ಬರಲಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ...

*ಉತ್ತರ ಇದ್ದಿದ್ರೆ ಸುಮ್ಮನಿರ್ತಿದ್ನಾ? ಕೊನೆಗೆ ಇವನೂ ಅವರಲ್ಲೊಬ್ಬ.*

ಗೆದ್ದವಳಿಗೆ ಊಟ ಸೇರಲಿಲ್ಲ. ಅಮ್ಮ ತಟ್ಟೆ ನೋಡಿದರು, ಮುಖ ನೋಡಿದರು, ತಟ್ಟೆಯನ್ನು ತಾವೇ ಎತ್ತಿ ಒಳಗೆ ಒಯ್ದರು.

ಎಂಟನೆಯ ದಿನ ಸಂಪುಟ ಹಿಂತಿರುಗಿಸಲು ಆಫೀಸಿನ ಗ್ರಂಥಾಲಯಕ್ಕೆ ಹೋದಳು.

"ಇದರ ಅನುಬಂಧ ತಗೊಂಡು ಹೋಗಲೇ ಇಲ್ವಲ್ಲಮ್ಮ," ಎಂದರು ಗ್ರಂಥಪಾಲಕಿ, ಒಂದು ತೆಳ್ಳನೆಯ ಪುಸ್ತಕವನ್ನು ಮುಂದೆ ತಳ್ಳುತ್ತ. "ಬಂದು ಇಪ್ಪತ್ತು ದಿನ ಆಯ್ತು."

ಹನ್ನೆರಡನೇ ಪುಟ. ನ್ಯಾಯಾಲಯದ ದೊಡ್ಡ ಮೊಕದ್ದಮೆಗಳು ಹೋದ ತಿಂಗಳು ಇತ್ಯರ್ಥವಾಗಿದ್ದವು. ವಸೂಲಾಗಬಲ್ಲ ಬಾಕಿ ನಾನೂರ ಹನ್ನೆರಡು ಕೋಟಿ.

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಒಂದೇ ಒಂದು ಫೋನ್... ಅವನು ಪುಟಸಂಖ್ಯೆ ಸಮೇತ ಹೇಳಿಬಿಡುತ್ತಿದ್ದ!

ಮುಖ್ಯಸ್ಥರು ಎಲ್ಲವನ್ನೂ ಕೇಳಿ, ಹಲ್ಲು ಕಿತ್ತ ಕಡೆಯ ಕೆನ್ನೆ ಸವರಿಕೊಂಡರು.

"ಫೋನ್ ಮಾಡಿದ್ಯಾ?"

"ಇಲ್ಲ ಸರ್."

ಅವರು ಬೀರುವಿನ ತಳದಿಂದ ತಿದ್ದುಪಡಿ ಅರ್ಜಿಯೊಂದನ್ನು ತೆಗೆದು, ಧೂಳು ಊದಿ ಕೊಟ್ಟರು. ಅದರಲ್ಲಿ ಎರಡು ಕಾಲಂ. ತಪ್ಪಿನ ವಿವರ, ತಪ್ಪಿಗೆ ಕಾರಣ.

"ವಿವರ ಮಾತ್ರ ಅಚ್ಚಾಗುತ್ತೆ. ಕಾರಣ ಫೈಲಿಗೆ. ಆದ್ರೆ ಎರಡನ್ನೂ ಅನ್ಯಾಯ ಆದವರ ಎದುರಿಗೆ ಓದಿ ಸಹಿ ತರಬೇಕು. ಕಾರಣ 'ಅವಸರ' ಅಂತ ಬರಿ. ಎಲ್ಲರೂ ಅದನ್ನೇ ಬರೆಯೋದು."

ಅವಳು ಪೆನ್ನು ಹಿಡಿದು ಕೂತಳು. 'ಅವಸರ'. ನಾಲ್ಕು ಅಕ್ಷರ. ಬರೆದರೆ ಮೇಜು ಉಳಿಯುತ್ತದೆ, ಹೆಸರೂ ಹೆಚ್ಚುಕಡಿಮೆ ಉಳಿಯುತ್ತದೆ. ಆದರೆ ಅವಳಿಗೆ ಅಂದು ಯಾವ ಅವಸರವೂ ಇರಲಿಲ್ಲ. ಅರ್ಧ ಗಂಟೆ ಫೋನನ್ನೇ ನೋಡುತ್ತ ಕೂತಿದ್ದಳಲ್ಲ! ಬೇರೆಯವರು ಇಂಥದ್ದೊಂದು ಕಾರಣ ಕೊಟ್ಟಿದ್ದರೆ ಯಾವ ಮುದ್ರೆ ಒತ್ತುತ್ತಿದ್ದಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕು ಸಾಲು ಬರೆದು ಕೊಟ್ಟಳು. ಮುಖ್ಯಸ್ಥರು ಓದಿದರು. ಇನ್ನೊಮ್ಮೆ ಓದಿದರು.

"ಇದನ್ನ ಕೊಟ್ರೆ ನಿನ್ನನ್ನ ಈ ಮೇಜಲ್ಲಿ ಇಟ್ಕೊಳ್ಳೋಕೆ ಆಗಲ್ಲ, ಗೊತ್ತಲ್ಲ?"

"ಗೊತ್ತು ಸರ್."

"ಹೋಗು ಮತ್ತೆ. ಬಿಸಿಲು ಏರೋ ಮೊದಲು ಹೋಗಿ ಬಾ."

ಪಕ್ಷದ ಕಚೇರಿಯ ಎರಡನೇ ಮಹಡಿಯಲ್ಲಿ, ಬಾವುಟದ ಕಟ್ಟುಗಳ ನಡುವೆ ಕೂತಿದ್ದ ಟೈಪಿಸ್ಟ್ ಅಕ್ಕ ಅವಳನ್ನು ಕಂಡವರೇ ಕೈ ನಿಲ್ಲಿಸಿದರು.

"ಓಹೋ... 'ಸುಳ್ಳು' ಮೇಡಂ! ಒಳಗಿದ್ದಾನೆ ಹೋಗಿ. ಎಂಟು ದಿನದಿಂದ ಮುಖ ಊದಿಸ್ಕೊಂಡು ಕೂತಿದ್ದಾನೆ. ಅವನ ಜೊತೆ ಕೆಲಸ ಮಾಡಿ ನಮಗೆ ಸಾಕಾಗಿದೆ."

ಅವನು ಎದ್ದು ನಿಂತ. ಮೇಜಿನ ತುಂಬ ಕೋಷ್ಟಕಗಳು. ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ತಪ್ಪಿನ ವಿವರ," ಎಂದು ಶುರು ಮಾಡಿದಳು. ನಾನೂರ ಹನ್ನೆರಡು ಕೋಟಿ, ಅನುಬಂಧ, ಹನ್ನೆರಡನೇ ಪುಟ, ತೀರ್ಪು 'ನಿಜ' ಎಂದು ಬದಲಾವಣೆ. ಇಷ್ಟನ್ನೂ ಒಂದೇ ಉಸಿರಿಗೆ ಓದಿದಳು.

"ತಪ್ಪಿಗೆ ಕಾರಣ..."

ನೀರು ಬೇಕೆ ಎಂದು ಅವನು ಕಣ್ಣಲ್ಲೇ ಕೇಳಿದ. ಬೇಡವೆಂದು ತಲೆಯಾಡಿಸಿದಳು.

"'ಹೇಳಿಕೆಯ ಲೆಕ್ಕ ಬರೆದವರ ಮೇಲೆ ಪರಿಶೀಲಕಿಗೆ ಪ್ರೀತಿ ಹುಟ್ಟಿದೆ. ಅದು ತೀರ್ಪಿನಲ್ಲಿ ಕಾಣಬಾರದೆಂದು ಆಕೆ ಅವರಿಗೆ ಫೋನ್ ಮಾಡಲಿಲ್ಲ. ನ್ಯಾಯವಾಗಿ ಇರಬೇಕಾದದ್ದಕ್ಕಿಂತ ಕಠಿಣವಾಗಿ ತೂಗಿದಳು. ಇದರಲ್ಲಿ ಅವರ ತಪ್ಪೇನೂ ಇಲ್ಲ.' ...ಇಲ್ಲಿ ಸಹಿ ಮಾಡಿ."

ಹೊರಗಡೆ ಟೈಪಿಂಗ್ ಸದ್ದು ಪೂರ್ತಿ ನಿಂತುಹೋಗಿತ್ತು.

ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಇದನ್ನ ನಿಮ್ಮ ಚೀಫ್ ಓದಿದ್ರಾ?"

"ಓದಿದ್ರು. ಎರಡು ಸಲ."

"ಮತ್ತೆ... ನಿಮ್ಮ ಮೇಜು?"

"ಹೋಯ್ತು." ಅವಳಿಗೆ ಅಳು ಬರುವ ಹಾಗಾಯಿತು, ಬರಲಿಲ್ಲ. "ನೀವ್ಯಾಕೆ ದೂರು ಕೊಡಲಿಲ್ಲ? ಉತ್ತರ ಇತ್ತಲ್ಲ ನಿಮ್ಮ ಹತ್ರ! ಎಂಟು ದಿನ ನಾನು ನಿಮ್ಮನ್ನ ಏನೇನೋ ಅಂದ್ಕೊಂಡೆ..."

"ನಾಯಕರು ದಿನಾ ಬೈತಿದ್ರು, ದೂರು ಬರಿ ಅಂತ. ನಾಲ್ಕು ಸಲ ಬರೆದೆ. ನಾಲ್ಕು ಸಲ ಹರಿದೆ." ಅವನು ಕಾಗದದ ತುದಿ ನೇರ ಮಾಡುತ್ತ ಹೇಳಿದ. "ನೀವೇ ಕಂಡುಹಿಡೀತೀರಿ ಅಂತ ಗೊತ್ತಿತ್ತು. ನೀವಾಗಿ ತಿದ್ದಿದ್ರೆ ನಿಮ್ಮ ಮರ್ಯಾದೆ ಉಳಿಯುತ್ತೆ. ನಾನು ತಿದ್ದಿಸಿದ್ರೆ ನನಗೊಂದು ಗೆಲುವು ಸಿಗುತ್ತೆ, ಅಷ್ಟೇ. ಆ ಗೆಲುವು ಬೇಕು ಅನ್ನಿಸಲಿಲ್ಲ. ಎಂಟು ದಿನ ಹಿಡಿಯುತ್ತೆ ಅಂತ ಮಾತ್ರ ಅಂದ್ಕೊಂಡಿರಲಿಲ್ಲ ನೋಡಿ!"

ಅವಳು ನಕ್ಕಳು. ಎಂಟು ದಿನಗಳ ಮೇಲೆ, ಹೊಟ್ಟೆಯೊಳಗಿಂದ ಬಂದ ನಗು.

"ಮತ್ತೆ... ನೀವು?" ಕೇಳಿ ನೆಲ ನೋಡಿದಳು.

"ಪಕ್ಷದ ನಿಲುವು ಕೇಳ್ತಿದ್ದೀರಾ?"

"ಅಲ್ಲ!"

"ಹಾಗಾದ್ರೆ, ಹೌದು."

ಅವಳು ಕಾದಳು. ಲೆಕ್ಕಿಗರು ಯಾವ ಮಾತನ್ನೂ ಎರಡು ಷರತ್ತು, ಒಂದು ಅಡಿಟಿಪ್ಪಣಿ ಇಲ್ಲದೆ ಮುಗಿಸುವುದೇ ಇಲ್ಲ.

"ಅಷ್ಟೇನಾ?" ಎಂದಳು ಕೊನೆಗೆ.

"ಅಷ್ಟೇ. ಪೂರ್ತಿ ಹೌದು." ಅವನ ದನಿ ತಗ್ಗಿತು. "ಕೂತ್ಕೋ... ಎಷ್ಟು ಹೊತ್ತು ನಿಂತಿರ್ತೀಯ?"

ಅವಳು ಕೂತಳು. ಅವನು ಸಹಿ ಮಾಡಿದ.

ತಿದ್ದುಪಡಿ ಮರುದಿನ ಏಳನೇ ಪುಟದಲ್ಲಿ ಅಚ್ಚಾಯಿತು. ಅವಳನ್ನು ಹವಾಮಾನ ವರದಿಗೆ ವರ್ಗ ಮಾಡಲಾಯಿತು. ಅವನ ಪಕ್ಷ ಹನ್ನೊಂದು ಸ್ಥಾನಗಳಿಂದ ಸೋತಿತು. ಮೂರು ತಿಂಗಳ ನಂತರ ಅವರಿಬ್ಬರೂ ಮದುವೆಯಾದರು.